ಮೊದಲ ಹದಿನೈದು ದಿನದ ಲೆಕ್ಕ

ಭಾಗ 1 / 8 : ಡಸ್ಟ್‌ಬಿನ್

ಕಳೆದ ವರ್ಷ ಗಣೇಶನ ಹಬ್ಬ ಮುಗಿದ ವಾರ ನಾನು ಖಿನ್ನತೆಗೆ ಮಾತ್ರೆ ಶುರು ಮಾಡಿದೆ. ಆರನೇ ದಿನ ರಾತ್ರಿ ಆ ಸ್ಟ್ರಿಪ್ಪನ್ನ ಹಾಸ್ಟೆಲ್ ಡಸ್ಟ್‌ಬಿನ್‌ಗೆ ಹಾಕಿದೆ. ಅದರಲ್ಲಿ ಇನ್ನೂ ಒಂಬತ್ತು ಮಾತ್ರೆ ಇತ್ತು. ಯಾರ ಕಣ್ಣಿಗೂ ಬೀಳಬಾರದು ಅಂತ ಮೇಲೆ ಚಿಪ್ಸ್ ಕವರ್ ಮುಚ್ಚಿದ್ದೆ.

ಆ ಆರು ದಿನ ಹೇಗಿತ್ತು ಅಂದ್ರೆ, ಮೆಸ್‌ನಲ್ಲಿ ಉಪ್ಪಿಟ್ಟಿನ ಒಗ್ಗರಣೆ ವಾಸನೆ ಬಂದರೆ ಸಾಕು, ಹೊಟ್ಟೆ ತೊಳಸ್ತಿತ್ತು. ಬಾಯಿ ಒಣಗಿ ಮರಳು ತಿಂದ ಹಾಗೆ. ರಾತ್ರಿ ಎರಡು ಗಂಟೆಗೆ ಕಣ್ಣು ಬಿಟ್ಟುಕೊಂಡು ಫ್ಯಾನ್ ನೋಡೋದು. ಬೆಳಗ್ಗೆ ಟ್ಯಾಲಿ ಲ್ಯಾಬ್‌ನಲ್ಲಿ ಕೈ ನಡುಗಿ ಒಂದು ಸೊನ್ನೆ ಜಾಸ್ತಿ ಒತ್ತಿ, ಐದು ಸಾವಿರದ ಬಾಡಿಗೆಯನ್ನ ಐವತ್ತು ಸಾವಿರ ಮಾಡಿದ್ದೆ. ಎಲ್ಲಕ್ಕಿಂತ ಬೇಜಾರು ಏನು ಗೊತ್ತಾ? ಮನಸ್ಸಿನ ಭಾರ ಒಂದು ಗ್ರಾಂ ಕೂಡ ಇಳಿದಿರಲಿಲ್ಲ.

ಆಗ ನನ್ನ ತಲೆಯಲ್ಲಿ ಬಂದ ತೀರ್ಮಾನ: ‘ಮಾತ್ರೆನೂ ನನಗೆ ಆಗಿಬರಲ್ಲ. ನಾನು ಸರಿಯಾಗೋ ಕೇಸೇ ಅಲ್ಲ.’

ಈ ಎರಡನೇ ವಾಕ್ಯ ಇದೆಯಲ್ಲ, ಅದು ಡಸ್ಟ್‌ಬಿನ್‌ಗೆ ಹೋಗಲಿಲ್ಲ. ಅದು ನನ್ನ ಜೊತೆಗೇ ಉಳೀತು. ದೀಪಾವಳಿ ಹೊತ್ತಿಗೆ ಹಾಸಿಗೆಯಿಂದ ಏಳೋದೇ ಆಗ್ತಿರಲಿಲ್ಲ. ಆ ಸೆಮ್‌ನಲ್ಲಿ ಎರಡು ಪೇಪರ್ ಬರೀಲೇ ಇಲ್ಲ. ಕ್ಲಾಸಲ್ಲಿ ಎಲ್ಲರಿಗೂ ‘ಟೈಫಾಯ್ಡ್’ ಅಂತ ಹೇಳಿದ್ದೆ. ಕ್ಷಮಿಸಿ, ಟೈಫಾಯ್ಡ್ ಅಲ್ಲ.

ಇವತ್ತಿನಿಂದ ಎಂಟು ಪೋಸ್ಟ್ ಹಾಕ್ತೀನಿ. ನಾನು ಡಾಕ್ಟರ್ ಅಲ್ಲ, ಬಿಕಾಂ ಹುಡುಗಿ. ಯಾವ ಮಾತ್ರೆ ತಗೋಬೇಕು ಅಂತ ಹೇಳಲ್ಲ. ನನ್ನ ಮಾತ್ರೆ ಹೆಸರೂ ಹೇಳಲ್ಲ, ಡಿಎಂನಲ್ಲಿ ಕೇಳಬೇಡಿ. ನಾನು ಹೇಳಬೇಕಿರೋದು ಒಂದೇ ಮಾತು. ಮಾತ್ರೆ ಶುರು ಮಾಡಿದವರಿಗೆ ನಾವು ಎರಡೇ ಸಲಹೆ ಕೊಡ್ತೀವಿ: ‘ಸಹಿಸ್ಕೋ’ ಅಥವಾ ‘ಬಿಟ್ಟಾಕು’. ಎರಡೂ ತಪ್ಪು. ಮೂರನೇದೊಂದಿದೆ. ಅದನ್ನ ನನಗೆ ಯಾರೂ ಮೊದಲೇ ಹೇಳಲಿಲ್ಲ ಅನ್ನೋದೇ ನನ್ನ ಕೋಪ.

ಭಾಗ 2 / 8 : ಮೊದಲು ಡೆಬಿಟ್, ಆಮೇಲೆ ಕ್ರೆಡಿಟ್

ತಲೆನೋವಿಗೆ ಮಾತ್ರೆ ತಗೊಂಡ್ರೆ ಅರ್ಧ ಗಂಟೆಯಲ್ಲಿ ಕಡಿಮೆ ಆಗುತ್ತೆ. ಮಾತ್ರೆ ಅಂದ್ರೆ ಹಾಗೇ ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಖಿನ್ನತೆಯ ಮಾತ್ರೆ ಲೆಕ್ಕ ಉಲ್ಟಾ.

ಈಗ ಹೆಚ್ಚಾಗಿ ಮೊದಲು ಕೊಡೋದು ಎಸ್‌ಎಸ್‌ಆರ್‌ಐ ಅನ್ನೋ ಗುಂಪಿನ ಮಾತ್ರೆಗಳನ್ನ. ಎಸಿಟಾಲೋಪ್ರಾಮ್, ಸರ್ಟ್ರಾಲಿನ್, ಫ್ಲೂಯಾಕ್ಸೆಟಿನ್ ಎಲ್ಲ ಇದೇ ಮನೆಯವರು. ನರಕೋಶಗಳ ಮಧ್ಯೆ ಸಿರೊಟೋನಿನ್ ಅನ್ನೋ ರಾಸಾಯನಿಕ ಹೆಚ್ಚು ಹೊತ್ತು ಉಳಿಯೋ ಹಾಗೆ ಇವು ಮಾಡ್ತವೆ. ಆ ಕೆಲಸ ಮೊದಲ ದಿನದಿಂದಲೇ ಶುರು. ಆದರೆ ಮೆದುಳು ಆ ಬದಲಾವಣೆಗೆ ಹೊಂದಿಕೊಂಡು, ಅದು ನಮ್ಮ ಮನಸ್ಸಿಗೆ ಗೊತ್ತಾಗೋಕೆ ವಾರಗಳೇ ಬೇಕು. ಸಾಮಾನ್ಯವಾಗಿ 2ರಿಂದ 4 ವಾರಕ್ಕೆ ಸ್ವಲ್ಪ ವ್ಯತ್ಯಾಸ, ಪೂರ್ತಿ ಪರಿಣಾಮಕ್ಕೆ 6ರಿಂದ 8 ವಾರ.

ಇನ್ನೊಂದು ಕಡೆ, ದೇಹದ ಸಿರೊಟೋನಿನ್‌ನಲ್ಲಿ ಸುಮಾರು 90 ಪರ್ಸೆಂಟ್ ಇರೋದು ತಲೆಯಲ್ಲಲ್ಲ, ಕರುಳಿನಲ್ಲಿ! ಅದಕ್ಕೇ ಮಾತ್ರೆ ನುಂಗಿದ ಕೂಡಲೇ ಮೊದಲು ಗಲಾಟೆ ಎಬ್ಬಿಸೋದು ಹೊಟ್ಟೆ. ವಾಕರಿಕೆ, ಭೇದಿ, ಹಸಿವಿಲ್ಲ. ಮನಸ್ಸಿಗೆ ಸುದ್ದಿ ಮುಟ್ಟೋದು ಆಮೇಲೆ.

ಬಿಕಾಂನವರ ಭಾಷೆಯಲ್ಲಿ ಹೇಳಬೇಕಂದ್ರೆ, ಹೊಸ ಅಂಗಡಿ ಇಟ್ಟ ಮೊದಲ ತಿಂಗಳು. ಅಡ್ವಾನ್ಸು, ರ‍್ಯಾಕು, ಬೋರ್ಡು, ಕರೆಂಟು. ಬರೀ ಖರ್ಚು, ಗಿರಾಕಿ ಇಲ್ಲ. ಆರನೇ ದಿನ ಲೆಕ್ಕ ನೋಡಿ ‘ಈ ಅಂಗಡಿ ಲಾಸು’ ಅಂತ ಶಟರ್ ಎಳೆದರೆ? ನಾನು ಮಾಡಿದ್ದು ಅದನ್ನೇ. ಬ್ರೇಕ್ ಈವನ್ ಪಾಯಿಂಟ್ ಬಗ್ಗೆ ಪರೀಕ್ಷೆಯಲ್ಲಿ ಹತ್ತು ಮಾರ್ಕಿಗೆ ಬರೆದವಳು ನನ್ನ ದೇಹಕ್ಕೆ ಆರೇ ದಿನ ಟೈಮ್ ಕೊಟ್ಟಿದ್ದೆ.

ಒಂದು ಕಂಡೀಷನ್: ಅಂಗಡಿಗೆ ಬೆಂಕಿ ಬಿದ್ದಿದ್ರೆ ‘ಇದು ಮೊದಲ ತಿಂಗಳ ಖರ್ಚು’ ಅಂತ ಕೂರೋಕಾಗಲ್ಲ. ಅದರ ಬಗ್ಗೆ ಭಾಗ 4ರಲ್ಲಿ ಹೇಳ್ತೀನಿ. ದಯವಿಟ್ಟು ಅದನ್ನ ಓದದೇ ಹೋಗಬೇಡಿ.

ಭಾಗ 3 / 8 : ಏನೇನಾಗುತ್ತೆ, ನಾನೇನು ಮಾಡಿದೆ

ಫೆಬ್ರವರಿಯಲ್ಲಿ ಎರಡನೇ ಸಲ ಶುರು ಮಾಡಿದೆ. ಬೇರೆ ಡಾಕ್ಟರ್, ಬೇರೆ ಮಾತ್ರೆ. ತೊಂದರೆ ಮಾತ್ರ ಹೆಚ್ಚೂಕಡಿಮೆ ಅವೇ. ಈ ಸಲ ಗೊತ್ತಿತ್ತು, ಅಷ್ಟೇ ವ್ಯತ್ಯಾಸ.

ವಾಕರಿಕೆ: ಡಾಕ್ಟರ್ ‘ಖಾಲಿ ಹೊಟ್ಟೆಗೆ ಬೇಡ, ತಿಂಡಿ ಆದಮೇಲೆ’ ಅಂದರು. ತಿಂಡಿನೇ ಸೇರದ ದಿನ ಎರಡು ಇಡ್ಲಿ, ಇಲ್ಲಾಂದ್ರೆ ಮೊಸರನ್ನ. ಒಂದೇ ಸಲ ಹೊಟ್ಟೆ ತುಂಬ ತಿನ್ನೋದು ಬಿಟ್ಟು ಸ್ವಲ್ಪ ಸ್ವಲ್ಪ ತಿಂದೆ. ಮೆಣಸಿನಕಾಯಿ ಮಂಡಕ್ಕಿಗೆ ಎರಡು ವಾರ ರಜೆ. ದಾವಣಗೆರೆಯಲ್ಲಿದ್ದುಕೊಂಡು ಇದು ಸಣ್ಣ ತ್ಯಾಗ ಅಲ್ಲ, ನೆನಪಿರಲಿ.

ಬಾಯಿ ಒಣಗೋದು: ಬಾಟಲಿಯಲ್ಲಿ ನೀರು, ಮಧ್ಯಾಹ್ನ ಮಜ್ಜಿಗೆ. ಕ್ಲಾಸಲ್ಲಿ ಬಾಯಲ್ಲೊಂದು ಏಲಕ್ಕಿ.

ನಿದ್ದೆ: ಕೆಲವರಿಗೆ ನಿದ್ದೆ ಹಾರಿಹೋಗುತ್ತೆ, ಕೆಲವರಿಗೆ ಮಂಪರು. ನಿದ್ದೆ ಬರದವರಿಗೆ ಬೆಳಗ್ಗೆ, ಮಂಪರಾಗೋರಿಗೆ ರಾತ್ರಿ, ಹೀಗೆ ಮಾತ್ರೆಯ ಹೊತ್ತನ್ನೇ ಡಾಕ್ಟರ್ ಬದಲಿಸಿಕೊಡಬಹುದು. ನನಗೆ ಬೆಳಗ್ಗೆಗೆ ಬದಲಿಸಿದ್ರು. ಸಂಜೆ ನಾಲ್ಕರ ಮೇಲೆ ಕಾಫಿ, ಟೀ ಬಿಟ್ಟೆ. ಕಾಫಿ ಬಿಟ್ಟಿದ್ದಕ್ಕೆ ಎದೆ ಡವಡವ ಅನ್ನೋದೂ ಕಡಿಮೆ ಆಯ್ತು.

ಆಕಳಿಕೆ: ಇದನ್ನ ಹೇಳಿದರೆ ಯಾರೂ ನಂಬಲ್ಲ. ನಿದ್ದೆ ಬರದೇ ಇದ್ರೂ ಆಕಳಿಕೆ ಬರುತ್ತೆ, ಕೆಲವರಿಗೆ ಇದೂ ಒಂದು ಸೈಡ್ ಎಫೆಕ್ಟ್. ಕಾರ್ಪೊರೇಟ್ ಅಕೌಂಟಿಂಗ್ ಕ್ಲಾಸಲ್ಲಿ ಒಂದು ಗಂಟೆಗೆ ಹದಿನೇಳು ಸಲ ಆಕಳಿಸಿದ್ದೀನಿ, ರೂಮ್‌ಮೇಟ್ ಎಣಿಸಿದ್ಲು. ‘ಏನಮ್ಮಾ, ರಾತ್ರಿಯೆಲ್ಲಾ ರೀಲ್ಸಾ?’ ಅಂದರು ಸರ್. ಕ್ಲಾಸೆಲ್ಲಾ ನಕ್ಕಿತು. ಸರ್, ಈಗ ಹೇಳ್ತೀನಿ, ರೀಲ್ಸ್ ಅಲ್ಲ.

ತಲೆನೋವು, ಬೆವರು, ಕೈ ನಡುಕ: ಬಂದವು, ಹೋದವು. ಹತ್ತನೇ ದಿನಕ್ಕೆ ಅರ್ಧಕ್ಕರ್ಧ ಇಳಿದಿತ್ತು. ಬಹಳಷ್ಟು ಜನಕ್ಕೆ ಇವೆಲ್ಲ ಒಂದೆರಡು ವಾರದಲ್ಲಿ ತಗ್ಗುತ್ತವೆ. ಒಂದು ಎಚ್ಚರ: ತಲೆನೋವಿಗೆ, ಕೆಮ್ಮಿಗೆ ಮೆಡಿಕಲ್ ಶಾಪ್‌ನಲ್ಲಿ ಸಿಕ್ಕಿದ್ದು ನುಂಗಬೇಡಿ. ಟ್ರಮಡಾಲ್ ಅನ್ನೋ ನೋವಿನ ಮಾತ್ರೆ, ಡೆಕ್ಸ್ಟ್ರೊಮೆಥಾರ್ಫಾನ್ ಇರೋ ಕೆಮ್ಮಿನ ಸಿರಪ್ ಇವುಗಳ ಜೊತೆ ಸೇರಿದರೆ ಅಪಾಯ ಆಗಬಹುದು. ಐಬುಪ್ರೊಫೇನ್ ಥರದ್ದು ರಕ್ತಸ್ರಾವದ ಸಾಧ್ಯತೆ ಹೆಚ್ಚಿಸುತ್ತೆ. ‘ನಾನು ಈ ಮಾತ್ರೆ ತಗೋತಿದ್ದೀನಿ’ ಅಂತ ಹೇಳಿ, ಕೇಳಿ, ಆಮೇಲೆ ತಗೊಳ್ಳಿ. ಎಣ್ಣೆ ಪಾರ್ಟಿನೂ ಬೇಡ ಗುರು.

ಇನ್ನೊಂದನ್ನ ಯಾರೂ ಬಾಯಿಬಿಟ್ಟು ಹೇಳಲ್ಲ. ಸೆಕ್ಸ್ ಬಗ್ಗೆ ಆಸಕ್ತಿ ಕಡಿಮೆ ಆಗಬಹುದು, ದೇಹ ಮೊದಲಿನ ಹಾಗೆ ಸ್ಪಂದಿಸದೇ ಇರಬಹುದು. ಹುಡುಗರಿಗೂ ಅಷ್ಟೇ, ಹುಡುಗೀರಿಗೂ ಅಷ್ಟೇ. ಇದು ವಾಕರಿಕೆ ಥರ ಎರಡು ವಾರಕ್ಕೆ ತಾನಾಗೇ ಹೋಗುತ್ತೆ ಅಂತ ಹೇಳೋಕಾಗಲ್ಲ. ನಾಚಿಕೆಪಟ್ಟು ಮಾತ್ರೆ ಬಿಡೋ ಬದಲು ಡಾಕ್ಟರ್‌ಗೆ ಹೇಳಿ. ಡೋಸ್ ಬದಲಿಸೋ, ಮಾತ್ರೆನೇ ಬದಲಿಸೋ ದಾರಿಗಳಿವೆ.

ಭಾಗ 4 / 8 : ‘ಸಹಿಸ್ಕೋ’ ಅನ್ನೋರಿಗೆ

ಈ ಭಾಗವನ್ನ ಸೇವ್ ಮಾಡ್ಕೊಳ್ಳಿ.

‘ಸೈಡ್ ಎಫೆಕ್ಟ್ ಎಲ್ಲಾ ನಾರ್ಮಲ್, ಸಹಿಸ್ಕೊಂಡ್ರೆ ಸರಿಹೋಗುತ್ತೆ’ ಅಂತ ಧೈರ್ಯ ತುಂಬೋ ಪೋಸ್ಟ್‌ಗಳು ಬಹಳ ಇವೆ. ಒಳ್ಳೇ ಮನಸ್ಸಿಂದಲೇ ಬರೆದಿರ್ತಾರೆ. ಆದರೆ ನಮ್ಮ ವಯಸ್ಸಿನವರಿಗೆ ಅದು ಅರ್ಧ ಸತ್ಯ.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, 2004ರಲ್ಲಿ ಈ ಮಾತ್ರೆಗಳ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿತು. ಮಕ್ಕಳಲ್ಲಿ, ಹದಿಹರೆಯದವರಲ್ಲಿ ಚಿಕಿತ್ಸೆಯ ಶುರುವಿನಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚಬಹುದು ಅಂತ. 2007ರಲ್ಲಿ ಅದನ್ನ 24 ವರ್ಷದವರೆಗೂ ವಿಸ್ತರಿಸಿತು. ನನಗೆ 20. ಇದನ್ನ ಓದ್ತಿರೋ ಹೆಚ್ಚಿನವರು 18ರಿಂದ 22ರೊಳಗಿನವರು. ಅಂದರೆ ಆ ಚೌಕಟ್ಟಿನೊಳಗೆ ನಾವೇ ಕೂತಿದ್ದೀವಿ.

ಇದರ ಅರ್ಥ ಮಾತ್ರೆ ವಿಷ ಅಂತಲ್ಲ. ಚಿಕಿತ್ಸೆ ಇಲ್ಲದ ಖಿನ್ನತೆನೇ ಆತ್ಮಹತ್ಯೆಗೆ ದೊಡ್ಡ ಕಾರಣ ಅಂತಲೂ ಅದೇ ಎಚ್ಚರಿಕೆಯ ಜೊತೆ ಹೇಳಿದ್ದಾರೆ. ಅರ್ಥ ಇಷ್ಟೇ: ಮೊದಲ ವಾರಗಳಲ್ಲಿ ಮತ್ತು ಡೋಸ್ ಬದಲಾದಾಗ ನಮ್ಮ ಮೇಲೆ ಇನ್ನೊಬ್ಬರ ಕಣ್ಣಿರಬೇಕು.

ಇವುಗಳಲ್ಲಿ ಯಾವುದಾದ್ರೂ ಆದರೆ ಸಹಿಸ್ಕೋಬೇಡಿ, ಅವತ್ತೇ ಡಾಕ್ಟರ್‌ಗೆ ತಿಳಿಸಿ:

– ಸಾಯಬೇಕು ಅನ್ನೋ ಯೋಚನೆ ಹೊಸದಾಗಿ ಬಂದರೆ, ಇದ್ದದ್ದು ಜಾಸ್ತಿಯಾದರೆ
– ಕೂತಲ್ಲಿ ಕೂರೋಕಾಗದ, ನಿಂತಲ್ಲಿ ನಿಲ್ಲೋಕಾಗದ ಚಡಪಡಿಕೆ. ಚರ್ಮದಿಂದ ಆಚೆ ಬರಬೇಕು ಅನ್ನೋವಷ್ಟು
– ನಿದ್ದೆನೇ ಇಲ್ಲದಿದ್ರೂ ಸುಸ್ತಿಲ್ಲ, ಮಾತು ನಿಲ್ಲಲ್ಲ, ದುಡ್ಡು ಖರ್ಚು ಮಾಡೋದು ನಿಲ್ಲಲ್ಲ. ‘ಅಬ್ಬಾ ಸರಿಹೋದಳು’ ಅಂತ ಖುಷಿಪಡೋ ವಿಷಯ ಅಲ್ಲ ಇದು
– ಮೈಮೇಲೆ ಗಂಧೆ, ಮುಖ ತುಟಿ ಊತ, ಉಸಿರಾಟಕ್ಕೆ ಕಷ್ಟ
– ಜ್ವರ, ಜೋರು ನಡುಕ, ವಿಪರೀತ ಬೆವರು, ಗೊಂದಲ ಎಲ್ಲ ಒಟ್ಟಿಗೆ

ಕೊನೆಯ ಎರಡಕ್ಕೆ ಫೋನ್ ಮಾಡ್ತಾ ಕೂರಬೇಡಿ, ನೇರ ಆಸ್ಪತ್ರೆಗೆ. 108 ಇದೆ.

ಸಾಯೋ ಯೋಚನೆ ಬಂದ ರಾತ್ರಿ ಡಾಕ್ಟರ್ ಸಿಗದಿದ್ರೆ ಟೆಲಿ ಮಾನಸ್, 14416. ಕೇಂದ್ರ ಸರ್ಕಾರದ್ದು, 2022ರ ಅಕ್ಟೋಬರ್ 10ರಂದು ಶುರುವಾಯ್ತು. ಉಚಿತ, 24 ಗಂಟೆ, ಕನ್ನಡದಲ್ಲೂ ಮಾತಾಡಬಹುದು. ಒಂಟಿಯಾಗಿರಬೇಡಿ, ಪಕ್ಕದ ರೂಮಿನವರನ್ನ ಎಬ್ಬಿಸಿ. ನಿದ್ದೆ ಕೆಟ್ಟರೆ ಯಾರೂ ಸಾಯಲ್ಲ.

ಇದೇ ನಾನು ಹೇಳಿದ ಮೂರನೇ ದಾರಿ. ಸಹಿಸ್ಕೋಬೇಡ, ನೀನಾಗೇ ಬಿಡಬೇಡ. ಹೇಳು.

ಭಾಗ 5 / 8 : ಹನ್ನೊಂದು ನಿಮಿಷ

ಮೊದಲ ಡಾಕ್ಟರ್ ಹತ್ತಿರ ನಾನಿದ್ದದ್ದು ಎರಡು ನಿಮಿಷ. ಚೀಟಿ ಬರೆದು ‘ಒಂದು ತಿಂಗಳು ಬಿಟ್ಟು ಬಾ’ ಅಂದರು. ‘ಏನಾದ್ರೂ ತೊಂದರೆ ಆಗುತ್ತಾ ಸರ್?’ ಅಂದೆ. ‘ಗೂಗಲ್ ನೋಡಬೇಡ’ ಅಂದರು. ಅಷ್ಟೇ. ಆಮೇಲೆ ನಾನು ಗೂಗಲ್ ನೋಡದೇ ಇನ್ನೇನು ನೋಡಲಿ?

ಎರಡನೇ ಡಾಕ್ಟರ್ ಸರ್ಕಾರಿ ಆಸ್ಪತ್ರೆಯವರು. ಹೊರಗೆ ನಲವತ್ತು ಜನರ ಸಾಲಿತ್ತು. ಆದರೂ ನನಗೆ ಹನ್ನೊಂದು ನಿಮಿಷ ಕೊಟ್ಟರು. ಗೋಡೆ ಗಡಿಯಾರ ನನ್ನ ಎದುರಿಗೇ ಇತ್ತು, ಅದಕ್ಕೇ ಗೊತ್ತು. ಚೀಟಿಯ ಹಿಂದೆ ಕನ್ನಡದಲ್ಲಿ ಬರೆದುಕೊಟ್ಟರು: ಮೊದಲ ವಾರ ಅರ್ಧ ಮಾತ್ರೆ. ಹೊಟ್ಟೆ ತೊಳಸಬಹುದು, ಹೆದರಬೇಡ. ಎರಡನೇ ವಾರ ಪೂರ್ತಿ. ಮನಸ್ಸಿಗೆ ಗೊತ್ತಾಗೋದು ನಾಲ್ಕನೇ ವಾರ. ಹತ್ತನೇ ದಿನ ಬಂದು ಮುಖ ತೋರಿಸು. ಇಂಥದ್ದಾದರೆ ಹತ್ತು ದಿನ ಕಾಯಬೇಡ.

‘ಒಂದು ದಿನ ಮರೆತುಹೋದ್ರೆ?’ ಅಂದೆ. ‘ಮಾರನೇ ದಿನ ಎರಡು ನುಂಗೋ ಬುದ್ಧಿವಂತಿಕೆ ಬೇಡ, ಒಂದೇ ತಗೋ’ ಅಂದರು.

ಆ ಚೀಟಿ ಇನ್ನೂ ನನ್ನ ಫೋನ್ ಕವರ್ ಹಿಂದೆ ಇದೆ. ಐದನೇ ದಿನ ಬಾತ್‌ರೂಮಲ್ಲಿ ಕೂತಿದ್ದಾಗ ಅದನ್ನ ತೆಗೆದು ಓದಿದೆ. ಹೊಟ್ಟೆ ತೊಳಸೋದು ನಿಲ್ಲಲಿಲ್ಲ. ಆದರೆ ‘ನಾನು ಸರಿಯಾಗೋ ಕೇಸೇ ಅಲ್ಲ’ ಅನ್ನೋ ಮಾತು ಬರಲಿಲ್ಲ. ಯಾಕಂದ್ರೆ ಇದು ನಡೆಯುತ್ತೆ ಅಂತ ಮೊದಲೇ ಬರೆದಿತ್ತಲ್ಲ, ಅದೇ ನಡೀತಿತ್ತು.

ಡಾಕ್ಟರ್‌ಗಳಿಗೆ ಟೈಮಿಲ್ಲ, ಗೊತ್ತು. ರೋಗಿಗಳು ಜಾಸ್ತಿ, ಮನೋವೈದ್ಯರು ಕಡಿಮೆ, ಅದೂ ಗೊತ್ತು. ಆದರೆ ಇದು ಉಪಕಾರ ಅಲ್ಲ, ನಮ್ಮ ಹಕ್ಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ, ಕೊಡಲಿರೋ ಚಿಕಿತ್ಸೆ ಏನು, ಅದರ ಗೊತ್ತಿರೋ ಸೈಡ್ ಎಫೆಕ್ಟ್‌ಗಳೇನು ಅನ್ನೋದನ್ನ ನಮಗೆ ಅರ್ಥ ಆಗೋ ಭಾಷೆಯಲ್ಲಿ ತಿಳಿಸಬೇಕು. ನಾವು ಬಿಸಿನೆಸ್ ಲಾ ಓದ್ತೀವಿ, ಗ್ರಾಹಕರ ಹಕ್ಕು ಓದ್ತೀವಿ, ಇದನ್ನ ಯಾರೂ ಓದಿಸಲ್ಲ.

ಪ್ರತಿಯೊಬ್ಬರಿಗೂ ಹನ್ನೊಂದು ನಿಮಿಷ ಕೊಡೋಕಾಗಲ್ಲ ಅಂದ್ರೆ ಒಂದು ಕೆಲಸ ಮಾಡಬಹುದು. ಕನ್ನಡದಲ್ಲಿ ಒಂದು ಪುಟ ಪ್ರಿಂಟ್ ಹಾಕಿಸಿ ಮಾತ್ರೆ ಜೊತೆ ಕೊಡಲಿ. ಮಿಕ್ಸಿ ತಗೊಂಡ್ರೆ ಬಳಸೋ ಪುಸ್ತಕ ಕೊಡ್ತಾರೆ. ಮನಸ್ಸಿನ ಮಾತ್ರೆಗೆ ಒಂದು ಪುಟವೂ ಬೇಡ್ವಾ?

ಭಾಗ 6 / 8 : ‘ಅಭ್ಯಾಸ ಆಗಿಬಿಡುತ್ತಂತೆ ಕಣೇ’

ಇದು ನಮ್ಮಮ್ಮನ ಮಾತು. ಚಳ್ಳಕೆರೆಯಿಂದ ದಿನಾ ಫೋನ್. ‘ಆ ಮಾತ್ರೆ ಒಂದ್ಸಲ ಶುರು ಮಾಡಿದ್ರೆ ಸಾಯೋ ತನಕ ತಗೋಬೇಕಂತೆ. ನಿಮ್ಮ ದೊಡ್ಡಮ್ಮ ಹೇಳ್ತಿದ್ರು.’ ದೊಡ್ಡಮ್ಮನಿಗೆ ಹೇಳಿದ್ದು ಯಾರೋ, ಅವರಿಗೆ ಹೇಳಿದ್ದು ಇನ್ಯಾರೋ.

ಮೆಡಿಕಲ್ ಶಾಪ್‌ನಲ್ಲೂ ಹೀಗೇ. ಹತ್ತು ಜನ ನಿಂತಿದ್ದಾಗ ಆ ಅಣ್ಣ ಚೀಟಿ ಎತ್ತಿ ಹಿಡಿದು ‘ಇದು ತಲೆಗೆ ಸಂಬಂಧಪಟ್ಟಿದ್ದು, ಯಾರಿಗಮ್ಮ?’ ಅಂದ. ‘ನಮ್ಮ ಅತ್ತೆಗೆ’ ಅಂದೆ. ಮದುವೆನೇ ಆಗಿಲ್ಲ ನನಗೆ.

ಅಮ್ಮನಿಗೆ ನಾನು ಹೇಳಿದ್ದು ಇಷ್ಟು. ಇದು ಗುಟ್ಕಾ, ಸಿಗರೇಟ್ ಥರ ಇನ್ನಷ್ಟು ಬೇಕು ಅಂತ ಚಟ ಹತ್ತಿಸಲ್ಲ. ಆದರೆ ದೇಹ ಅದಕ್ಕೆ ಹೊಂದಿಕೊಂಡಿರುತ್ತೆ. ಅದಕ್ಕೇ ಒಂದೇ ಸಲ ನಿಲ್ಲಿಸಿದರೆ ತಲೆ ಸುತ್ತು, ಸಿಡುಕು, ತಲೆಯೊಳಗೆ ಸಣ್ಣ ಕರೆಂಟ್ ಹೊಡೆದ ಹಾಗೆ, ಇವೆಲ್ಲ ಆಗಬಹುದು. ನಿಲ್ಲಿಸೋಕೆ ಕ್ರಮ ಇದೆ, ಡಾಕ್ಟರ್ ನಿಧಾನಕ್ಕೆ ಇಳಿಸ್ತಾರೆ. ಮೊದಲ ಸಲ ಖಿನ್ನತೆ ಬಂದವರಿಗೆ, ಹುಷಾರಾದ ಮೇಲೂ ಕನಿಷ್ಠ ಆರು ತಿಂಗಳಾದ್ರೂ ಮುಂದುವರಿಸಿ ಅಂತ ಸಾಮಾನ್ಯವಾಗಿ ಹೇಳ್ತಾರೆ. ಸಾಯೋ ತನಕ ಅಂತ ಅಲ್ಲ.

ಆದರೆ ಅಭ್ಯಾಸ ಆಗೋ ಇನ್ನೊಂದು ಮಾತ್ರೆ ಇದೆ, ಅಮ್ಮನ ಭಯ ಪೂರ್ತಿ ಸುಳ್ಳಲ್ಲ. ಮೊದಲ ವಾರಗಳ ಚಡಪಡಿಕೆಗೆ, ನಿದ್ದೆಗೆ ಅಂತ ಕೆಲವೊಮ್ಮೆ ಕ್ಲೋನಜೆಪಾಮ್ ಥರದ್ದನ್ನ ಸ್ವಲ್ಪ ದಿನಕ್ಕೆ ಕೊಡ್ತಾರೆ. ಅದನ್ನ ಡಾಕ್ಟರ್ ಹೇಳಿದಷ್ಟು ದಿನ ಮಾತ್ರ. ‘ಚೆನ್ನಾಗಿ ನಿದ್ದೆ ಬರುತ್ತೆ’ ಅಂತ ನಾವೇ ತಿಂಗಳುಗಟ್ಟಲೆ ಎಳೆದರೆ ಅದು ಅಭ್ಯಾಸ ಆಗುತ್ತೆ. ಎರಡೂ ಒಂದೇ ಕವರ್‌ನಲ್ಲಿ ಬರ್ತವೆ, ಕೆಲಸ ಮಾತ್ರ ಬೇರೆ ಬೇರೆ. ಯಾವುದು ಯಾವುದಕ್ಕೆ, ಎಷ್ಟು ದಿನಕ್ಕೆ ಅಂತ ಕೇಳಿ ಬರೆದುಕೊಳ್ಳಿ.

ಇಷ್ಟೆಲ್ಲಾ ಹೇಳಿದ ಮೇಲೆ ಅಮ್ಮ ಸುಮ್ಮನಿದ್ರು. ಆಮೇಲೆ, ‘ಊಟ ಆದಮೇಲೆ ತಾನೇ ತಗೋಳೋದು? ಊಟ ಮಾಡಿದ್ಯಾ?’ ಅಂದರು. ಅವತ್ತಿನಿಂದ ಅಮ್ಮನ ಫೋನು ತಿಂಡಿ ಹೊತ್ತಿಗೇ ಬರುತ್ತೆ.

ಭಾಗ 7 / 8 : ರೂಮ್‌ಮೇಟ್‌ಗಳಿಗೆ

ನಿಮ್ಮ ಫ್ರೆಂಡ್ ಒಬ್ಬಳು ‘ಮಾತ್ರೆ ಶುರು ಮಾಡಿದೆ ಕಣೇ’ ಅಂದ್ರೆ ದಯವಿಟ್ಟು ಹೀಗೆ ಹೇಳಬೇಡಿ: ‘ನಿನಗೇನಾಗಿದೆ, ಚೆನ್ನಾಗೇ ಇದ್ದೀಯಲ್ಲ’, ‘ಯೋಗ ಮಾಡು ಸಾಕು’, ‘ನನ್ನ ಕಸಿನ್‌ಗೆ ಇದರಿಂದಲೇ ಹುಚ್ಚು ಹಿಡೀತು’. ಅವಳು ಒಂದು ಮಾತ್ರೆ ನುಂಗೋಕೆ ಮುಂಚೆ ಇದೆಲ್ಲವನ್ನ ತನಗೆ ತಾನೇ ನೂರು ಸಲ ಹೇಳ್ಕೊಂಡಿರ್ತಾಳೆ.

ನನ್ನ ರೂಮ್‌ಮೇಟ್ ದೊಡ್ಡದೇನೂ ಮಾಡಲಿಲ್ಲ. ಡಾಕ್ಟರ್ ಚೀಟಿಯ ಫೋಟೋ ಅವಳ ಫೋನಲ್ಲೂ ಇಟ್ಕೊಂಡಳು. ದಿನಾ ರಾತ್ರಿ ಒಂದೇ ಪ್ರಶ್ನೆ ಕೇಳ್ತಿದ್ಲು, ‘ಇವತ್ತು ಹತ್ತಕ್ಕೆ ಎಷ್ಟು?’ ನಾನು ಮೂರು, ಎರಡು, ನಾಲ್ಕು ಅಂತಿದ್ದೆ. ಅವಳು ನೋಟ್‌ಬುಕ್ ಹಿಂದೆ ಬರೀತಿದ್ಲು. ಏಳನೇ ದಿನ ನೇರವಾಗಿ ಕೇಳಿದಳು, ‘ಸಾಯಬೇಕು ಅನ್ನಿಸ್ತಿದೆಯೇನೇ?’ ಯಾರೂ ನನ್ನನ್ನ ಹಾಗೆ ಕೇಳಿರಲಿಲ್ಲ. ಕೇಳಿದ್ರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗೆ ಅಂತ ಎಲ್ಲರೂ ಹೆದರ್ತಾರೆ. ಹಾಗಾಗಲ್ಲ. ಕೇಳಿದ್ರೆ ಹೇಳೋಕೆ ಒಂದು ಬಾಗಿಲು ಸಿಗುತ್ತೆ. ನಾನು ಅವತ್ತು ‘ಇಲ್ಲ’ ಅಂದೆ, ನಿಜವಾಗಿಯೂ ಇಲ್ಲ. ಆದರೆ ಇದ್ದಿದ್ರೆ ಅವಳಿಗೆ ಹೇಳಬಹುದಿತ್ತು ಅನ್ನೋದೇ ಸಾಕಾಯ್ತು.

ಹತ್ತನೇ ದಿನ ನನ್ನ ಜೊತೆ ಆಸ್ಪತ್ರೆಗೂ ಬಂದಳು. ಜಿಎಸ್‌ಟಿ ಟೆಸ್ಟ್ ತಪ್ಪಿಸಿಕೊಂಡು. ಆ ನೋಟ್‌ಬುಕ್ ಪುಟವನ್ನ ಡಾಕ್ಟರ್ ಎದುರಿಗಿಟ್ಟಳು. ‘ನೀನು ಬಿಕಾಂ ಓದ್ತಿರೋದು ಸಾರ್ಥಕ ಆಯ್ತು’ ಅಂದರು ಅವರು.

ಊರಲ್ಲಿ ಮನೋವೈದ್ಯರಿಲ್ಲ ಅನ್ನೋರಿಗೆ: ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ಕೇಳಿ. ಕರ್ನಾಟಕದಲ್ಲಿ ‘ಮನೋಚೈತನ್ಯ’ ಅನ್ನೋ ಕಾರ್ಯಕ್ರಮ ಇದೆ, ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರೋ ವ್ಯವಸ್ಥೆ. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಅಂತ ಆಸ್ಪತ್ರೆಯಲ್ಲೇ ವಿಚಾರಿಸಿ. 14416ಕ್ಕೆ ಫೋನ್ ಮಾಡಿದ್ರೂ ದಾರಿ ಹೇಳ್ತಾರೆ.

ಭಾಗ 8 / 8 : ಬ್ಯಾಲೆನ್ಸ್

ಕೊನೆಗೆ ಏನಾಯ್ತು ಅಂತ ಕೇಳ್ತೀರಿ. ಸಿನಿಮಾ ಥರ ಏನೂ ಆಗಲಿಲ್ಲ.

ಇಪ್ಪತ್ತಾರನೇ ದಿನ ಇರಬೇಕು. ಬೆಳಗ್ಗೆ ಮೆಸ್‌ಗೆ ಹೋದೆ, ತಟ್ಟೆ ತುಂಬ ಉಪ್ಪಿಟ್ಟು ಹಾಕಿಸಿಕೊಂಡು ತಿಂದೆ, ‘ಇವತ್ತು ಉಪ್ಪು ಜಾಸ್ತಿ’ ಅಂತ ಬೈದೆ. ರೂಮ್‌ಮೇಟ್ ನನ್ನ ಮುಖ ನೋಡಿ ನಕ್ಕಳು. ‘ಬೈತಿದ್ದೀಯ ಅಂದ್ರೆ ಹುಷಾರಾಗ್ತಿದ್ದೀಯ’ ಅಂದಳು. ಆಗಲೇ ನನಗೂ ಗೊತ್ತಾಗಿದ್ದು. ಎಷ್ಟೋ ತಿಂಗಳಿಂದ ಉಪ್ಪಿಟ್ಟಿಗೆ ಉಪ್ಪು ಜಾಸ್ತಿನೋ ಕಡಿಮೆನೋ ಅನ್ನೋದೇ ನನಗೆ ಬೇಕಾಗಿರಲಿಲ್ಲ.

ಈಗ ಐದು ತಿಂಗಳು. ಮಾತ್ರೆ ಮುಂದುವರಿದಿದೆ. ಕೌನ್ಸೆಲಿಂಗ್‌ಗೂ ಹೋಗ್ತಿದ್ದೀನಿ. ಕೆಟ್ಟ ದಿನಗಳು ಈಗಲೂ ಬರ್ತವೆ. ಬಿಟ್ಟುಹೋದ ಎರಡು ಪೇಪರ್‌ನಲ್ಲಿ ಒಂದು ಬರೆದು ಪಾಸಾದೆ, ಇನ್ನೊಂದು ಬಾಕಿ. ಎಲ್ಲರಿಗೂ ಮೊದಲ ಮಾತ್ರೆನೇ ಹೊಂದಲ್ಲ. ಕೆಲವರಿಗೆ ಎರಡನೇದು, ಮೂರನೇದು ಬೇಕಾಗುತ್ತೆ. ಕೆಲವರಿಗೆ ಮಾತ್ರೆನೇ ಬೇಕಾಗಲ್ಲ, ಮಾತಿನ ಚಿಕಿತ್ಸೆ ಸಾಕಾಗುತ್ತೆ. ಅದನ್ನ ತೀರ್ಮಾನಿಸೋದು ನಾನೂ ಅಲ್ಲ, ನಿಮ್ಮ ದೊಡ್ಡಮ್ಮನೂ ಅಲ್ಲ.

ಆ ಒಂಬತ್ತು ಮಾತ್ರೆ ಎಸೆದ ಹುಡುಗಿ ಮೇಲೆ ನನಗೀಗ ಸಿಟ್ಟಿಲ್ಲ. ಅವಳು ಹೇಡಿಯಲ್ಲ. ಅವಳಿಗೆ ಒಂದು ಪುಟದಷ್ಟು ಮಾಹಿತಿ ಬೇಕಿತ್ತು, ಯಾರೂ ಕೊಡಲಿಲ್ಲ. ಆ ಪುಟ ಸಿಗದೇ ಇದ್ದದ್ದಕ್ಕೆ ಅವಳು ಕಟ್ಟಿದ್ದು ಐದು ತಿಂಗಳು ಮತ್ತು ಎರಡು ಪೇಪರ್. ಇನ್ನೊಬ್ಬರಿಗೆ ಅದಕ್ಕಿಂತ ದೊಡ್ಡದು ಹೋಗಬಹುದು. ಅದಕ್ಕೇ ಇಷ್ಟುದ್ದ ಬರೆದೆ.

ಈ ವಾರ ಯಾರಾದ್ರೂ ಶುರು ಮಾಡ್ತಿದ್ರೆ, ಚೀಟಿಯ ಹಿಂದೆ ನೀವೇ ಬರೆದುಕೊಳ್ಳಿ: ಮತ್ತೆ ಡಾಕ್ಟರ್ ಹತ್ತಿರ ಹೋಗೋ ತಾರೀಖು. ತೊಂದರೆ ಆದ್ರೆ ಮಾಡಬೇಕಾದ ನಂಬರ್. ವಿಷಯ ಗೊತ್ತಿರೋ ಒಬ್ಬ ಫ್ರೆಂಡ್ ಹೆಸರು. ಮೂರೇ ಸಾಲು. ಆಮೇಲೆ ತಿಂಡಿ ತಿಂದು ಮಾತ್ರೆ ತಗೊಳ್ಳಿ.

‘ನಿಂಗೂ ಇದೆಯಾ?’ ಅಂತ ಯಾರನ್ನೂ ಟ್ಯಾಗ್ ಮಾಡಬೇಡಿ. ಸುಮ್ಮನೆ ಶೇರ್ ಮಾಡಿ, ಬೇಕಾದವರಿಗೆ ತಲುಪುತ್ತೆ.

#ಮೊದಲಹದಿನೈದುದಿನ #ಬಿಕಾಂಹುಡುಗಿ #ಹೇಳು